ಆರು ನಿಮಿಷದ ಹತ್ತಾಟ, ವರ್ಷದ ಓಡಾಟ

ಹಗ್ಗ ಕಟ್ಟಿಕೊಂಡು ಎತ್ತರದ ಕೃತಕ ಗೋಡೆ ಹತ್ತುವ ಲೀಡ್ ಕ್ಲೈಂಬಿಂಗ್ ಸ್ಪರ್ಧೆಯಲ್ಲಿ ಒಬ್ಬರಿಗೆ ಗೋಡೆಯ ಮೇಲೆ ಸಿಗುವುದು ಆರು ನಿಮಿಷ. ಬಹಳ ಜನ ಅಷ್ಟನ್ನೂ ಬಳಸುವುದಿಲ್ಲ. ಅರ್ಧಕ್ಕೇ ತೋಳು ಕಲ್ಲಾಗಿ, ಬೆರಳು ಬಿಚ್ಚಿಕೊಂಡು, ಹಗ್ಗದಲ್ಲಿ ತೂಗಾಡುತ್ತ ಕೆಳಗಿಳಿಯುತ್ತಾರೆ. ಆ ಆರು ನಿಮಿಷ ತಲುಪುವ ಮೊದಲು ಅರ್ಜಿ, ಪ್ರಮಾಣಪತ್ರ, ರೈಲು ಟಿಕೆಟ್, ಬೆರಳು ನೋವು, ಫೋನಿಲ್ಲದ ಕೋಣೆಯಲ್ಲಿ ಗಂಟೆಗಟ್ಟಲೆ ಕಾಯುವುದು ಎಲ್ಲವೂ ಇದೆ. ಹಿಂದೆ ಸ್ಪರ್ಧಿಯಾಗಿ, ಈಗ ಕೋಚ್ ಆಗಿ ಈ ದಾರಿ ತುಳಿದಿದ್ದೇನೆ. ಸೌತ್ ಜೋನ್ ಸ್ಪರ್ಧೆಗೆ ಮಕ್ಕಳನ್ನು ಕರೆದುಕೊಂಡು ಹೋಗಿ ಬಂದ ಆಯಾಸ ಇನ್ನೂ ಪೂರ್ತಿ ಇಳಿದಿಲ್ಲ. ತೋಳಿನಲ್ಲಿ ಬಲ ಸಾಲದೆ ಅಂಕ ಕಳೆದುಕೊಳ್ಳುವ ಮಕ್ಕಳಿಗಿಂತ ನಿಯಮ ಗೊತ್ತಿಲ್ಲದೆ, ಕಾಯಲು ಬಾರದೆ, ಕೈಚರ್ಮ ಹರಿದುಕೊಂಡು ಕಳೆದುಕೊಳ್ಳುವವರೇ ಹೆಚ್ಚು ಅನ್ನುವುದು ನನ್ನ ಅಭಿಪ್ರಾಯ. ಮುಂದಿನ ಸೀಸನ್‌ಗೆ ಹೊರಡುವವರಿಗೆ ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ.

ಮೊದಲ ಗೊಂದಲವೇ ಯಾರನ್ನು ಕೇಳುವುದು ಅನ್ನುವುದು. ನಮ್ಮ ದೇಶದಲ್ಲಿ ಸ್ಪೋರ್ಟ್ ಕ್ಲೈಂಬಿಂಗ್‌ಗೆ ರಾಷ್ಟ್ರೀಯ ಸಂಸ್ಥೆ ದೆಹಲಿಯ ಇಂಡಿಯನ್ ಮೌಂಟನೀರಿಂಗ್ ಫೌಂಡೇಶನ್, ಅಂದರೆ ಐಎಂಎಫ್. ಹೆಸರಿನಲ್ಲಿ ಪರ್ವತಾರೋಹಣ ಇರುವುದರಿಂದ ಎಷ್ಟೋ ಪೋಷಕರು ಇದು ಹಿಮಾಲಯದ ವಿಷಯ ಎಂದುಕೊಂಡು ಬೇರೆಲ್ಲೋ ಹುಡುಕುತ್ತಾರೆ. ದೇಶವನ್ನು ವಲಯಗಳಾಗಿ ಹಂಚಿದ್ದಾರೆ. ಕರ್ನಾಟಕ ದಕ್ಷಿಣ ವಲಯದಲ್ಲಿದೆ. ವಲಯ ಮಟ್ಟದಲ್ಲಿ ಗೆದ್ದವರು ರಾಷ್ಟ್ರೀಯ ಸ್ಪರ್ಧೆಗೆ ಹೋಗುತ್ತಾರೆ. ಸುತ್ತೋಲೆ ಬಂದಾಗ ಅರ್ಜಿಗೆ ಸಿಗುವ ದಿನಗಳು ಕಡಿಮೆ. ಆದ್ದರಿಂದ ಕಾಗದ ಪತ್ರಗಳನ್ನು ಸುತ್ತೋಲೆಗೆ ಮೊದಲೇ ಮಾಡಿಟ್ಟುಕೊಳ್ಳಿ.

ಮಗುವಿಗೆ ಯಾವ ವಿಭಾಗ ಅನ್ನುವುದನ್ನು ಬೇಗ ತೀರ್ಮಾನಿಸಿದರೆ ಒಳ್ಳೆಯದು. ವಿಭಾಗ ಮೂರು. ಬೌಲ್ಡರ್ ಎಂದರೆ ಹಗ್ಗವಿಲ್ಲದೆ, ಕೆಳಗೆ ದಪ್ಪ ಹಾಸು ಹಾಕಿ, ನಾಲ್ಕು ಮೀಟರಿನ ಆಸುಪಾಸಿನ ಗೋಡೆಯಲ್ಲಿ ಚಿಕ್ಕ ಚಿಕ್ಕ ಒಗಟು ಬಿಡಿಸುವುದು. ಲೀಡ್ ಎಂದರೆ ಹಗ್ಗವನ್ನು ಒಂದೊಂದೇ ಕ್ವಿಕ್‌ಡ್ರಾಗೆ (ಗೋಡೆಯಲ್ಲಿ ನೇತುಹಾಕಿದ ಕೊಂಡಿಗೆ) ಹಾಕುತ್ತ ಮೇಲೆ ಹೋಗುವುದು. ಸ್ಪೀಡ್ ಎಂದರೆ 15 ಮೀಟರ್ ಎತ್ತರದ, 5 ಡಿಗ್ರಿ ಮುಂದಕ್ಕೆ ವಾಲಿದ ಗೋಡೆಯಲ್ಲಿ ಓಟ. ಹೋಲ್ಡ್‌ಗಳ (ಗೋಡೆಗೆ ಕೂರಿಸಿದ ಹಿಡಿಗಳ) ಜಾಗ ಜಗತ್ತಿನಾದ್ಯಂತ ಒಂದೇ, ಆದ್ದರಿಂದ ಆ ಒಂದೇ ದಾರಿಯನ್ನು ಮೈಗೆ ಹತ್ತಿಸಿಕೊಳ್ಳುವವರೆಗೆ ಅಭ್ಯಾಸ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಮೂರನ್ನೂ ಸೇರಿಸಿ ಒಂದೇ ಪದಕ ಕೊಟ್ಟರು. ಪ್ಯಾರಿಸ್‌ನಲ್ಲಿ ಸ್ಪೀಡ್ ಬೇರೆಯಾಯಿತು. 2028ರ ಲಾಸ್ ಏಂಜಲೀಸ್‌ನಲ್ಲಿ ಮೂರಕ್ಕೂ ಬೇರೆ ಬೇರೆ ಪದಕ. ಹಾಗಾಗಿ ಒಂದೇ ವಿಭಾಗಕ್ಕೆ ಬೇಗ ಅಂಟಿಕೊಳ್ಳುವ ಆತುರ ಪೋಷಕರಲ್ಲಿ ಈಗ ಹೆಚ್ಚಾಗಿದೆ. ಹದಿನಾಲ್ಕರೊಳಗಿನ ಮಕ್ಕಳಿಗೆ ನಾನಂತೂ ಬೇಡ ಅನ್ನುತ್ತೇನೆ. ಬೌಲ್ಡರ್‌ನಲ್ಲಿ ಕಲಿತ ಕಾಲಿನ ಕೆಲಸ ಲೀಡ್‌ಗೆ ಬೇಕು, ಲೀಡ್‌ನಲ್ಲಿ ಕಲಿತ ಉಸಿರಿನ ಹಿಡಿತ ಬೌಲ್ಡರ್‌ನ ಕೊನೆಯ ಯತ್ನಕ್ಕೆ ಬೇಕು.

ಸ್ಪೀಡ್ ಬಗ್ಗೆ ಒಂದೇ ಮಾತು. ಸಿಗ್ನಲ್ ಆದ 0.1 ಸೆಕೆಂಡಿನೊಳಗೆ ಕಾಲು ಎತ್ತಿದರೆ ಫಾಲ್ಸ್ ಸ್ಟಾರ್ಟ್, ಆ ಓಟ ಕೈಬಿಟ್ಟಂತೆ. ಇನ್ನು ಕಾಲ ಎಷ್ಟು ನಿರ್ದಯಿ ಎಂದರೆ, ಪ್ಯಾರಿಸ್‌ನಲ್ಲಿ ಅಮೆರಿಕದ ಸ್ಯಾಮ್ ವಾಟ್ಸನ್ 4.74 ಸೆಕೆಂಡಿನ ವಿಶ್ವದಾಖಲೆ ಮಾಡಿಯೂ ಕಂಚು ಪಡೆದರು. ಚಿನ್ನ ಗೆದ್ದ ಇಂಡೋನೇಷ್ಯಾದ ವೆದ್ರಿಕ್ ಲಿಯೊನಾರ್ಡೊ ಫೈನಲ್‌ನಲ್ಲಿ ಹತ್ತಿದ್ದು 4.75ರಲ್ಲಿ. ವಾಟ್ಸನ್ ಎಡವಿದ್ದು ಸೆಮಿಫೈನಲ್‌ನಲ್ಲಿ, ದಾಖಲೆ ಬಂದದ್ದು ಕಂಚಿನ ಓಟದಲ್ಲಿ.

ಅಭ್ಯಾಸದ ಜಾಗದ ವಿಚಾರಕ್ಕೆ ಬಂದರೆ ಬೆಂಗಳೂರಿನಲ್ಲಿ ಕಂಠೀರವ ಕ್ರೀಡಾಂಗಣದ ಗೋಡೆ ಹಳೆಯದು. ಈಚೆಗೆ ಖಾಸಗಿ ಬೌಲ್ಡರಿಂಗ್ ಜಿಮ್‌ಗಳೂ ಬಂದಿವೆ. ಆದರೆ ಎರಡರ ಸ್ವಭಾವ ಬೇರೆ. ಹಳೇ ಗೋಡೆಗಳಲ್ಲಿ ಬೆರಳ ತುದಿಯಲ್ಲಿ ಹಿಡಿಯುವ ಸಣ್ಣ ಕ್ರಿಂಪ್‌ಗಳೇ ಜಾಸ್ತಿ. ಇವತ್ತಿನ ಸ್ಪರ್ಧೆಯಲ್ಲಿ ರೂಟ್ ಸೆಟ್ಟರ್‌ಗಳು (ಹತ್ತುವ ದಾರಿ ಕಟ್ಟುವವರು) ಗೋಡೆಗೆ ದೊಡ್ಡ ದೊಡ್ಡ ವಾಲ್ಯೂಮ್ (ಪೆಟ್ಟಿಗೆಯಂಥ ಉಬ್ಬು) ಕೂರಿಸಿ, ಹಿಡಿಯಲು ಏನೂ ಇಲ್ಲದೆ ಅಂಗೈ ಒತ್ತಿ ನಿಲ್ಲಬೇಕಾದ ಸ್ಲ್ಯಾಬ್ (ಇಳಿಜಾರು ಗೋಡೆ), ಓಡಿ ಬಂದು ನೆಗೆಯುವ ಚಲನೆ ಎಲ್ಲ ಇಡುತ್ತಾರೆ. ಕ್ರಿಂಪ್‌ನಲ್ಲಿ ಹುಲಿಯಾದ ಹುಡುಗ ಸ್ಲ್ಯಾಬ್ ಮುಂದೆ ಕಂಗಾಲಾಗುವುದು ಇದಕ್ಕೇ. ಇದಕ್ಕೆ ನಮ್ಮ ಸುತ್ತಲಿನ ಗ್ರಾನೈಟ್ ಒಳ್ಳೆಯ ಮದ್ದು. ರಾಮನಗರದ ಬೆಟ್ಟಗಳ ಇಳಿಜಾರು ಬಂಡೆಯಲ್ಲಿ ಹಿಡಿ ಇರುವುದಿಲ್ಲ; ಹಿಮ್ಮಡಿ ಕೆಳಗೆ ಬಿಟ್ಟು, ಶೂ ರಬ್ಬರ್ ಪೂರ್ತಿ ಒತ್ತಿ, ಸೊಂಟದ ಭಾರ ಪಾದದ ಮೇಲೆ ತಂದರೆ ಮಾತ್ರ ನಿಲ್ಲುತ್ತದೆ. ಅದನ್ನು ಕಲಿತವರು ಸ್ಪರ್ಧೆಯ ವಾಲ್ಯೂಮ್ ಮೇಲೆ ನಡುಗುವುದಿಲ್ಲ. ಹಂಪಿಯ ಬಂಡೆಗಳಲ್ಲಿ ಚರ್ಮ ಬೇಗ ಸವೆಯುತ್ತದೆ, ಹಾಗಾಗಿ ಸ್ಪರ್ಧೆಗೆ ಎರಡು ವಾರ ಮುಂಚೆ ಅಲ್ಲಿಗೆ ಹೋಗಬೇಡಿ. ಬಾದಾಮಿ ಮರಳುಗಲ್ಲು, ಮಳೆ ಬಿದ್ದ ಮೇಲೆ ಕಲ್ಲು ಒಳಗಿನವರೆಗೆ ಒಣಗುವ ತನಕ ಮುಟ್ಟಬಾರದು. ನೆಂದ ಮರಳುಗಲ್ಲಿನ ಬಲ ಕುಗ್ಗಿರುತ್ತದೆ, ಹೋಲ್ಡ್ ಮುರಿದು ಕೈಗೆ ಬರುತ್ತದೆ, ಬಂಡೆಗೆ ಕೂರಿಸಿದ ಬೋಲ್ಟ್ ಹಿಡಿತವೂ ಸಡಿಲವಾಗುತ್ತದೆ. ಎಲ್ಲಿಗೇ ಹೋದರೂ ಅರಣ್ಯ ಇಲಾಖೆ ಅಥವಾ ಪುರಾತತ್ತ್ವ ಇಲಾಖೆಯ ಅನುಮತಿ ಬೇಕೇ ಎಂದು ಮೊದಲು ವಿಚಾರಿಸಿ. ಗುಂಪು ಕಟ್ಟಿಕೊಂಡು ಗೇಟಿನವರೆಗೆ ಹೋಗಿ ವಾಪಸಾಗುವುದು ಮಾಮೂಲಿ.

ಖರ್ಚು. ಹೊಸಬರ ಕ್ಲೈಂಬಿಂಗ್ ಶೂ ನಾಲ್ಕೈದು ಸಾವಿರಕ್ಕೆ ಸಿಗುತ್ತದೆ. ಸ್ಪರ್ಧೆಗೆಂದು ಮಾಡಿದ, ಮೂತಿ ಬಾಗಿದ ಆಮದು ಶೂಗೆ ಹತ್ತು ಸಾವಿರ ದಾಟುತ್ತದೆ. ಬೆಳೆಯುವ ಪಾದಕ್ಕೆ ಬಿಗಿ ಶೂ ಬೇಡವೇ ಬೇಡ. ಬೆರಳು ಸ್ವಲ್ಪ ಮಡಚಿ ತುದಿ ಮುಟ್ಟಬೇಕು, ಆದರೆ ನೋವಾಗಬಾರದು. ಇದನ್ನು ಎಷ್ಟು ಹೇಳಿದರೂ "ಒಂದು ಸೈಜ್ ಚಿಕ್ಕದಿದ್ದರೆ ಚೆನ್ನಾಗಿ ಹಿಡಿಯುತ್ತಂತೆ" ಎಂದು ತಂದು ಕೊಡುವ ಅಪ್ಪಂದಿರಿದ್ದಾರೆ. ಮೂತಿಯ ರಬ್ಬರ್ ತೆಳ್ಳಗಾಗಿ ಒಳಗಿನ ಬಟ್ಟೆ ಕಾಣುವ ಮುಂಚೆಯೇ ಅಟ್ಟೆ ಹಾಕಿಸಬೇಕು. ಬಟ್ಟೆ ಹರಿದ ಮೇಲೆ ಶೂ ಕೆಟ್ಟಂತೆಯೇ. ಹಾರ್ನೆಸ್ (ಹಗ್ಗ ಕಟ್ಟಲು ಸೊಂಟ, ತೊಡೆಗೆ ಹಾಕುವ ಪಟ್ಟಿ) ಸ್ವಂತದ್ದಿರಲಿ, ಹಳೆಯದನ್ನು ಯಾರೋ ಕೊಟ್ಟರೆಂದು ತೆಗೆದುಕೊಳ್ಳಬೇಡಿ. ಪ್ರವೇಶ ಶುಲ್ಕ ದೊಡ್ಡದಲ್ಲ, ಜೇಬು ಖಾಲಿ ಮಾಡುವುದು ಪ್ರಯಾಣ ಮತ್ತು ವಸತಿ. ಮಗುವಿನ ಜೊತೆ ಒಬ್ಬರು ದೊಡ್ಡವರು ಹೋಗಲೇಬೇಕಾದ್ದರಿಂದ ಎಲ್ಲವೂ ಎರಡು ಪಟ್ಟು.

ಇನ್ನು ಬೆರಳು. ಕೋಚ್ ಆಗಬೇಕೆಂದಿರುವವರು ಇದನ್ನು ನಿಧಾನವಾಗಿ ಓದಿ. ಬೆಳೆಯುವ ವಯಸ್ಸಿನಲ್ಲಿ, ಅದರಲ್ಲೂ ಹದಿಮೂರರಿಂದ ಹದಿನೈದರ ಹೊತ್ತಿಗೆ ಮಕ್ಕಳು ಒಮ್ಮೆಲೇ ಉದ್ದವಾಗುವಾಗ, ಬೆರಳ ಮೂಳೆಯ ಗ್ರೋತ್ ಪ್ಲೇಟ್ (ಮೂಳೆ ಬೆಳೆಯುವ ಮೆತ್ತನೆಯ ಭಾಗ) ಇನ್ನೂ ಗಟ್ಟಿಯಾಗಿರುವುದಿಲ್ಲ. ದಿನಾ ಕ್ರಿಂಪ್ ಹಿಡಿದು ಎಳೆದರೆ ಅಲ್ಲೇ ಸಣ್ಣ ಬಿರುಕು ಬರುತ್ತದೆ, ಹೆಚ್ಚಾಗಿ ನಡುಬೆರಳಿನ ಮಧ್ಯದ ಗೆಣ್ಣಿನಲ್ಲಿ. ಬಿದ್ದು ಮುರಿದಂತೆ ಒಮ್ಮೆಲೇ ಆಗುವುದಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ಮಗು "ಸ್ವಲ್ಪ ನೋವಿದೆ ಅಕ್ಕಾ, ಟೇಪ್ ಹಾಕ್ಕೊಂಡ್ರೆ ಹೋಗುತ್ತೆ" ಅನ್ನುತ್ತದೆ. ನಾನು ಮಾಡುವುದು ಇಷ್ಟೇ: ಗೆಣ್ಣಿನ ಮೇಲ್ಭಾಗವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡುತ್ತೇನೆ. ಅಲ್ಲಿ ನೋವು, ಊತ, ಪೂರ್ತಿ ಮಡಚಲು ಕಷ್ಟ, ಇವುಗಳಲ್ಲಿ ಯಾವುದಿದ್ದರೂ ಅಂದೇ ಹತ್ತುವುದು ಬಂದ್, ಮೂಳೆ ವೈದ್ಯರಲ್ಲಿ ಎಕ್ಸ್‌ರೇ. ವೈದ್ಯರಿಗೆ "ಆಟದಲ್ಲಿ ಪೆಟ್ಟಾಯ್ತು" ಎಂದರೆ ಸಾಲದು. "ತಿಂಗಳುಗಟ್ಟಲೆ ಬೆರಳ ತುದಿಯಲ್ಲಿ ಮೈಭಾರ ಎತ್ತುತ್ತಾರೆ, ಗ್ರೋತ್ ಪ್ಲೇಟ್ ನೋಡಿ" ಎಂದು ಹೇಳಿ. ಬೇಗ ಸಿಕ್ಕರೆ ಕೆಲವು ವಾರ, ತಿಂಗಳ ವಿಶ್ರಾಂತಿಯಲ್ಲಿ ಕೂಡಿಕೊಳ್ಳುತ್ತದೆ. ಕಡೆಗಣಿಸಿದರೆ ಬೆರಳು ಸೊಟ್ಟಗಾಗುವ ಅಪಾಯವಿದೆ.

ಈ ಕಾರಣಕ್ಕೇ ನನ್ನ ಮಕ್ಕಳಿಗೆ ಕ್ಯಾಂಪಸ್ ಬೋರ್ಡ್ (ಕಾಲಿಡದೆ ಬರೀ ಕೈಯಲ್ಲಿ ಹತ್ತುವ ಪಟ್ಟಿಗಳ ಹಲಗೆ) ಇಲ್ಲ, ಭಾರ ಕಟ್ಟಿಕೊಂಡು ನೇತಾಡುವುದೂ ಇಲ್ಲ. ಬೆಳವಣಿಗೆ ಮುಗಿದು, ಕನಿಷ್ಠ ಎರಡು ವರ್ಷ ನಿಯಮಿತವಾಗಿ ಹತ್ತಿದ ದೊಡ್ಡವರಿಗೆ ಫಿಂಗರ್‌ಬೋರ್ಡ್ (ಬೆರಳಲ್ಲಿ ನೇತಾಡುವ ಹಲಗೆ) ಕೊಡಬಹುದು: ಸುಮಾರು 20 ಮಿಲಿಮೀಟರ್ ಅಂಚಿನಲ್ಲಿ ಅರ್ಧ ಮಡಚಿದ ಬೆರಳಿನಲ್ಲಿ 7 ಸೆಕೆಂಡ್ ನೇತು, 3 ಸೆಕೆಂಡ್ ಬಿಡುವು, ಹೀಗೆ ಆರು ಸಲ ಸೇರಿ ಒಂದು ಸೆಟ್, ಸೆಟ್‌ಗಳ ಮಧ್ಯೆ ಮೂರು ನಿಮಿಷ, ವಾರಕ್ಕೆ ಎರಡು ದಿನ, ಮಧ್ಯೆ ಎರಡು ದಿನ ಅಂತರ. ದೊಡ್ಡವರಲ್ಲಿ ಕೆಡುವುದು ಮೂಳೆಗಿಂತ ಹೆಚ್ಚಾಗಿ ಪುಲ್ಲಿ, ಸ್ನಾಯುರಜ್ಜುವನ್ನು ಮೂಳೆಗೆ ಬಿಗಿದಿಡುವ ಪಟ್ಟಿ. ಉಂಗುರದ ಬೆರಳಿನ ಬುಡದಲ್ಲಿ "ಟಪ್" ಎಂದು ಸದ್ದಾದರೆ ಅದೇ. ಎಳೆಯುವ ಆಟವಾದ್ದರಿಂದ ತಳ್ಳುವ ವ್ಯಾಯಾಮವೂ ಬೇಕು. ದಂಡ ಹೊಡೆಯುವುದು, ಬಕೆಟ್ ಅಕ್ಕಿಯಲ್ಲಿ ಕೈ ಹುದುಗಿಸಿ ಬೆರಳು ಅರಳಿಸುವುದು ಇವೆರಡೇ ಸಾಕು.

ತೂಕದ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹಗುರಾದರೆ ಚೆನ್ನಾಗಿ ಹತ್ತಬಹುದು ಎಂದು ರಾತ್ರಿ ಊಟ ಬಿಡಿಸುವ ಕೋಚ್‌ಗಳ ಹತ್ತಿರ ಮಕ್ಕಳನ್ನು ಬಿಡಬೇಡಿ. ಊಟ ಸಾಲದೆ ಹಾರ್ಮೋನು, ಮೂಳೆ ಎರಡೂ ಹಾಳಾಗುವ ಸಮಸ್ಯೆ ಈ ಆಟದಲ್ಲಿ ಎಷ್ಟು ಗಂಭೀರ ಎಂದರೆ ಅಂತರರಾಷ್ಟ್ರೀಯ ಒಕ್ಕೂಟವೇ 2024ರಲ್ಲಿ ಅದಕ್ಕೆಂದು ಆರೋಗ್ಯ ತಪಾಸಣೆಯ ನಿಯಮ ತಂದಿತು. ಹುಡುಗಿಯರಲ್ಲಿ ಮುಟ್ಟು ನಿಂತರೆ ಅದನ್ನು "ಟ್ರೇನಿಂಗ್ ಜಾಸ್ತಿ ಆಗಿದೆ" ಎಂದು ತಳ್ಳಿಹಾಕಬಾರದು.

ಕಾಗದ ಪತ್ರ. ಜನನ ಪ್ರಮಾಣಪತ್ರ, ಆಧಾರ್, ವೈದ್ಯಕೀಯ ಫಿಟ್‌ನೆಸ್ ಪತ್ರ, ಪೋಷಕರ ಒಪ್ಪಿಗೆ ಪತ್ರ, ಫೋಟೋ, ಇಷ್ಟು ಎಲ್ಲ ಕಡೆಯೂ ಕೇಳುತ್ತಾರೆ. ಕೆಲವೊಮ್ಮೆ ವಿಮೆಯ ದಾಖಲೆಯನ್ನೂ ಕೇಳುತ್ತಾರೆ. ಈ ಆಟದಲ್ಲಿ ವಯೋಮಿತಿಯನ್ನು ಸಾಮಾನ್ಯವಾಗಿ ಹುಟ್ಟಿದ ವರ್ಷದಿಂದ ಲೆಕ್ಕ ಹಾಕುತ್ತಾರೆ. ಡಿಸೆಂಬರಿನಲ್ಲಿ ಹುಟ್ಟಿದವರಿಗೆ ಇದರಿಂದ ನಷ್ಟ, ಆದರೆ ವಾದ ಮಾಡಿ ಪ್ರಯೋಜನವಿಲ್ಲ. ನಮ್ಮ ಕಡೆಯ ದೊಡ್ಡ ತೊಡಕು ಇನಿಷಿಯಲ್‌ದು. ಶಾಲೆಯ ದಾಖಲೆಯಲ್ಲಿ ಊರು ಮತ್ತು ಅಪ್ಪನ ಹೆಸರಿನ ಎರಡು ಅಕ್ಷರ, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು, ಜನನ ಪ್ರಮಾಣಪತ್ರದಲ್ಲಿ ಬರೀ ಮಗುವಿನ ಹೆಸರು. ಮೂರೂ ಒಬ್ಬರದೇ ಎಂದು ಸ್ಪರ್ಧೆಯ ಬೆಳಿಗ್ಗೆ ನೋಂದಣಿ ಮೇಜಿನ ಮುಂದೆ ನಿಂತು ಸಾಬೀತು ಮಾಡುವುದಕ್ಕಿಂತ ಮೊದಲೇ ಆಧಾರ್ ತಿದ್ದಿಸಿಕೊಳ್ಳಿ. ಮುಂದೆ ಎಂದಾದರೂ ವಿದೇಶಕ್ಕೆ ಆಯ್ಕೆಯಾದರೆ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟಿದ್ದಕ್ಕೂ ವೀಸಾ, ಟಿಕೆಟ್ ಎರಡರಲ್ಲೂ ಪರದಾಡಬೇಕಾಗುತ್ತದೆ.

ಔಷಧಿಯ ವಿಷಯ ಹೆಚ್ಚಿನವರಿಗೆ ಹೊಳೆಯುವುದೇ ಇಲ್ಲ. ಕೆಮ್ಮಿಗೆ ಮೆಡಿಕಲ್ ಸ್ಟೋರಿನಲ್ಲಿ ಕೊಡುವ ಹಲವು ಸಿರಪ್‌ಗಳಲ್ಲಿ ಟರ್ಬುಟಲಿನ್ ಇರುತ್ತದೆ; ಉದ್ದೀಪನ ಮದ್ದಿನ ನಿಯಮದಲ್ಲಿ ಅದು ಸದಾ ನಿಷೇಧಿತ. ನೆಗಡಿ ಮಾತ್ರೆಗಳಲ್ಲಿ ಬರುವ ಸ್ಯೂಡೋಎಫಿಡ್ರಿನ್‌ಗೆ ಸ್ಪರ್ಧೆಯ ವೇಳೆ ಮಿತಿ ಇದೆ. ಬಾಟಲಿ ಹಿಂಭಾಗದ ಅಕ್ಷರ ಓದದೆ ಒಂದು ಚಮಚವನ್ನೂ ಕೊಡಬೇಡಿ. ಉಬ್ಬಸಕ್ಕೆ ಇನ್‌ಹೇಲರ್ ಬಳಸುವ ಮಕ್ಕಳಿದ್ದರೆ ವೈದ್ಯರ ಚೀಟಿ ಜೊತೆಗಿರಲಿ, ಅನುಮತಿ ಬೇಕಾದ ಔಷಧಿಯೇ ಎಂದು ಮುಂಚಿತವಾಗಿ ನಾಡಾ (ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ) ಕಡೆ ವಿಚಾರಿಸಿ.

ಹೊರಡುವ ವಾರ ಅಭ್ಯಾಸವನ್ನು ಅರ್ಧಕ್ಕೆ ಇಳಿಸಬೇಕು. ಕಷ್ಟದ ಚಲನೆ ಒಂದೆರಡು ಇರಲಿ, ಪ್ರಮಾಣ ಬೇಡ. ಕೈಯಲ್ಲಿ ಎದ್ದ ಜಡ್ಡನ್ನು ನಯವಾದ ಮರಳು ಕಾಗದದಿಂದ ಮಟ್ಟ ಮಾಡಿ, ಉಗುರು ಕತ್ತರಿಸಿ. ಎದ್ದುನಿಂತ ಜಡ್ಡು ಹೋಲ್ಡ್‌ಗೆ ಸಿಕ್ಕಿ ಚರ್ಮದ ಹಾಳೆಯನ್ನೇ ಕಿತ್ತುಕೊಂಡು ಹೋಗುತ್ತದೆ. ಚೆನ್ನೈ ಕಡೆಯ ಸೆಕೆಗೆ ಬೆಂಗಳೂರಿನ ಕೈ ಒಗ್ಗುವುದಿಲ್ಲ. ಕೈ ಬೆವರದಂತೆ ಮೊದಲು ಲಿಕ್ವಿಡ್ ಚಾಕ್ ಹಚ್ಚಿ ಒಣಗಿಸಿ, ಮೇಲೆ ಚಾಕ್ ಪುಡಿ. ವಿಮಾನದಲ್ಲಿ ಹೋಗುವವರು ಚಾಕ್ ಪುಡಿಯನ್ನು ಕೈಚೀಲದಲ್ಲಿಟ್ಟರೆ ಭದ್ರತೆಯವರಿಗೆ ಬಿಳಿ ಪುಡಿಯ ಕಥೆ ಹೇಳುತ್ತ ನಿಲ್ಲಬೇಕಾಗುತ್ತದೆ, ಚೆಕ್‌-ಇನ್‌ಗೆ ಹಾಕಿ.

ಸ್ಪರ್ಧೆಯ ದಿನ ಐಸೊಲೇಷನ್. ಹತ್ತಬೇಕಾದ ದಾರಿಯನ್ನು ಯಾರೂ ಮೊದಲೇ ನೋಡಬಾರದು, ಬೇರೆಯವರು ಹತ್ತುವುದನ್ನು ಕಂಡು ಕಲಿಯಬಾರದು ಎಂದು ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂಡಿಹಾಕುತ್ತಾರೆ. ಬಾಗಿಲು ಮುಚ್ಚುವ ಸಮಯ ಮೊದಲೇ ಪ್ರಕಟವಾಗಿರುತ್ತದೆ. ಆಮೇಲೆ ಬಂದವರಿಗೆ ಆ ಸುತ್ತು ಇಲ್ಲ. ಆಟೋ ಸಿಗಲಿಲ್ಲ ಅನ್ನುವುದೆಲ್ಲ ನಡೆಯುವುದಿಲ್ಲ. ಫೋನ್ ಒಳಗೆ ಬಿಡುವುದಿಲ್ಲ. ಹೆಸರು ಕೊನೆಯಲ್ಲಿದ್ದರೆ ಮೂರು ನಾಲ್ಕು ಗಂಟೆ ಕಾಯಬೇಕಾಗಬಹುದು. ಹೊಸ ಮಕ್ಕಳು ಒಳಗೆ ಹೋದ ತಕ್ಷಣ ವಾರ್ಮ್‌-ಅಪ್ ಗೋಡೆಗೆ ನೆಗೆದು, ಗೆಳೆಯರೆದುರು ತೋರಿಸಿಕೊಳ್ಳಲು ಹೋಗಿ, ಸರದಿ ಬರುವ ಹೊತ್ತಿಗೆ ತೋಳು ಸೋತಿರುತ್ತದೆ. ಸರದಿಗೆ ಸುಮಾರು ನಲವತ್ತು ನಿಮಿಷ ಮುಂಚೆ ಶುರು ಮಾಡಿ, ಕಡೆಯ ಹತ್ತು ನಿಮಿಷ ಸುಮ್ಮನೆ ಕೂರುವುದು ಒಳ್ಳೆಯ ಲೆಕ್ಕ. ಬೆಳಿಗ್ಗೆ ಇಡ್ಲಿ, ಒಳಗೆ ಬಾಳೆಹಣ್ಣು, ಖರ್ಜೂರ, ಓಆರ್‌ಎಸ್ ಬೆರೆಸಿದ ನೀರು. ಒಂದು ಕಥೆ ಪುಸ್ತಕ, ಒಂದು ಸ್ವೆಟರ್, ಗಡಿಯಾರ ಇರಲಿ. ಕೋಚ್‌ಗಳಿಗೆ ಒಳಗೆ ಪಾಸ್ ಮಿತ, ಆದ್ದರಿಂದ ಇದನ್ನೆಲ್ಲ ಮಗು ತಾನೇ ಮಾಡಿಕೊಳ್ಳುವಂತೆ ಮನೆಯಲ್ಲೇ ರೂಢಿ ಮಾಡಿಸಬೇಕು.

ಲೀಡ್‌ಗೆ ಮುನ್ನ ಎಲ್ಲರನ್ನೂ ಒಟ್ಟಿಗೆ ಗೋಡೆಯ ಮುಂದೆ ನಿಲ್ಲಿಸಿ ದಾರಿ ನೋಡಲು ಕೆಲವು ನಿಮಿಷ ಕೊಡುತ್ತಾರೆ. ಬೈನಾಕ್ಯುಲರ್ ತರಬಹುದು, ಕಾಗದದಲ್ಲಿ ಚಿತ್ರ ಬರೆದುಕೊಳ್ಳಬಹುದು; ಫೋಟೋ ತೆಗೆಯುವಂತಿಲ್ಲ. ಕೆಳಗಿಂದ ಮೇಲಕ್ಕೆ ನೋಡುವುದರ ಜೊತೆ ಮೇಲಿಂದ ಕೆಳಕ್ಕೂ ಒಮ್ಮೆ ನೋಡಲು ಹೇಳಿ. ಎಲ್ಲಿ ನಿಂತು ಹಗ್ಗ ಕ್ಲಿಪ್ ಮಾಡುವುದು, ಎಲ್ಲಿ ಕೈ ಕೊಡವಿ ದಣಿವಾರಿಸಿಕೊಳ್ಳುವುದು, ಈ ಎರಡನ್ನು ಗುರುತಿಟ್ಟುಕೊಂಡರೆ ಉಳಿದದ್ದು ಹತ್ತುವಾಗ ಹೊಳೆಯುತ್ತದೆ. ಅಂಕ ಅಂದರೆ ಹೋಲ್ಡ್‌ನ ಸಂಖ್ಯೆ: 23ನೆಯದನ್ನು ಹಿಡಿದು ನಿಂತರೆ 23, ಅಲ್ಲಿಂದ ಮುಂದಿನದಕ್ಕೆ ಹತೋಟಿಯಲ್ಲಿ ಕೈ ಚಾಚಿದರೆ 23+. ಕ್ವಿಕ್‌ಡ್ರಾ ಒಂದನ್ನು ಬಿಟ್ಟು ಮೇಲೆ ಹೋದರೆ ಕೆಳಗಿಳಿಸುತ್ತಾರೆ. ಅವಸರದಲ್ಲಿ ಹಿಂದಿನ ಕ್ವಿಕ್‌ಡ್ರಾದ ಕೆಳಗಿನ ಹಗ್ಗವನ್ನು ಎಳೆದು ಮುಂದಿನದಕ್ಕೆ ಹಾಕುವುದು ಇನ್ನೊಂದು ಸಾಮಾನ್ಯ ತಪ್ಪು. ಹಗ್ಗ ಝಡ್ ಆಕಾರದಲ್ಲಿ ಸಿಕ್ಕಿ ಒಂದು ಹೆಜ್ಜೆಯೂ ಮೇಲೆ ಬರುವುದಿಲ್ಲ. ಗಾಬರಿಯಾಗದೆ ತೆಗೆದು ಸರಿಮಾಡಿಕೊಳ್ಳಲು ಅವಕಾಶವಿದೆ. ಮನೆಯ ಕಿಟಕಿ ಸರಳಿಗೆ ಕ್ವಿಕ್‌ಡ್ರಾ ನೇತುಹಾಕಿ, ಅದರ ಗೇಟ್ (ತೆರೆಯುವ ಬಾಯಿ) ಎಡಕ್ಕೆ ಮತ್ತು ಬಲಕ್ಕೆ ತಿರುಗಿಸಿ, ಎರಡೂ ಕೈಯಲ್ಲಿ ಕಣ್ಣು ಮುಚ್ಚಿ ಕ್ಲಿಪ್ ಮಾಡುವಷ್ಟು ಅಭ್ಯಾಸವಾಗಲಿ. ಸ್ಪರ್ಧೆಯಲ್ಲಿ ಕ್ಲಿಪ್ಪಿಗೆ ತಡಕಾಡುವ ಆರೇಳು ಸೆಕೆಂಡೇ ತೋಳನ್ನು ಬತ್ತಿಸುವುದು.

ಬೌಲ್ಡರ್ ಅರ್ಹತಾ ಸುತ್ತಿನಲ್ಲಿ ಸಾಮಾನ್ಯವಾಗಿ ಐದು ನಿಮಿಷ ಹತ್ತು, ಐದು ನಿಮಿಷ ಕೂರು ಎಂಬ ಲಯ. ಎರಡು ಕಾಲೂ ನೆಲ ಬಿಟ್ಟರೆ ಒಂದು ಯತ್ನ ಎಣಿಕೆಗೆ ಬಂತು. ನೆಲದಲ್ಲಿ ನಿಂತೇ ಸ್ಟಾರ್ಟ್ ಅಲ್ಲದ ಹೋಲ್ಡ್ ಮುಟ್ಟಿದರೂ ಎಣಿಸುತ್ತಾರೆ, ಇದು ಬಹಳ ಮಕ್ಕಳಿಗೆ ಗೊತ್ತಿಲ್ಲ. ಅಂತರರಾಷ್ಟ್ರೀಯ ಮಟ್ಟದಲ್ಲಿ 2025ರಿಂದ ಟಾಪ್‌ಗೆ 25, ಜೋನ್‌ಗೆ (ದಾರಿ ಮಧ್ಯೆ ಗುರುತು ಹಾಕಿದ ಹೋಲ್ಡ್‌ಗೆ) 10, ವ್ಯರ್ಥವಾದ ಪ್ರತಿ ಯತ್ನಕ್ಕೆ 0.1 ಕಡಿತ, ನಾಲ್ಕನೇ ಯತ್ನದಲ್ಲಿ ಟಾಪ್ ಮುಟ್ಟಿದರೆ 24.7. ನೀವು ಹೋದ ಕಡೆ ಈ ಲೆಕ್ಕವೋ ಹಳೆಯ ಟಾಪ್-ಜೋನ್ ಎಣಿಕೆಯೋ ಅನ್ನುವುದನ್ನು ಟೆಕ್ನಿಕಲ್ ಮೀಟಿಂಗ್‌ನಲ್ಲೇ ಕೇಳಿ. ಟಾಪ್ ಎಂದರೆ ಕೊನೆಯ ಹೋಲ್ಡನ್ನು ಎರಡೂ ಕೈಯಲ್ಲಿ ಹಿಡಿದು ಅಲುಗದೆ ನಿಲ್ಲುವುದು, ಜಡ್ಜ್ ಒಪ್ಪುವವರೆಗೆ.

"ಹಿಡ್ದೆ ಅಲ್ವಾ ಅಕ್ಕಾ, ಎರಡೂ ಕೈ ಇಟ್ಟಿದ್ದೆ!"

"ಇಟ್ಟೆ ಪುಟ್ಟಾ. ಅವ್ರು ಕೈ ಎತ್ತೋ ಮುಂಚೆ ಜಿಗಿದುಬಿಟ್ಟೆ."

ಇಂಥ ಹೊತ್ತಿಗೆ ಅಪೀಲ್ ಇದೆ, ಆದರೆ ಅದಕ್ಕೆ ಬರಹದಲ್ಲಿ ಅರ್ಜಿ, ಶುಲ್ಕ, ಕೆಲವೇ ನಿಮಿಷಗಳ ಗಡುವು ಎಲ್ಲ ಇದೆ. ಅರ್ಜಿ ಎತ್ತಿಹಿಡಿದರೆ ಹಣ ವಾಪಸ್. ಅಧಿಕೃತ ವಿಡಿಯೋ ಇಲ್ಲದ ಕಡೆ ಪೋಷಕರ ಫೋನಿನ ವಿಡಿಯೋ ಒಪ್ಪುತ್ತಾರೆ ಎಂದು ನಂಬಿ ಕೂರಬೇಡಿ. ಜಡ್ಜ್ ಜೊತೆ ಏರುದನಿಯಲ್ಲಿ ಮಾತಾಡಿದ ಪೋಷಕರಿಂದ ಮಗುವಿಗೇ ಹಳದಿ ಚೀಟಿ ಬರುವ ಹೊತ್ತಾದೀತು ಎಂಬ ಭಯ ನನಗೆ ಪ್ರತಿ ಸಲವೂ ಇರುತ್ತದೆ. ಮಾತಾಡುವುದು ಕೋಚ್ ಅಥವಾ ತಂಡದ ಮ್ಯಾನೇಜರ್ ಕೆಲಸ.

ಸ್ಪರ್ಧೆ ಬಿಟ್ಟು ಕೋಚಿಂಗ್ ಕಡೆ ಬರುವವರಿಗೆ: ಚೆನ್ನಾಗಿ ಹತ್ತಲು ಬಂದರೆ ಕಲಿಸಲು ಬರುತ್ತದೆ ಎಂದೇನಿಲ್ಲ. ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯಂಥ ಕಡೆ ಸ್ಪೋರ್ಟ್ ಕ್ಲೈಂಬಿಂಗ್ ತರಬೇತಿಯೂ ಇದೆ, ಅಲ್ಲಿಂದ ಶುರು ಮಾಡಬಹುದು. ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರವನ್ನು ಅವಧಿ ಮುಗಿಯುವ ಮುಂಚೆ ನವೀಕರಿಸಿ. ಸಾಧ್ಯವಾದರೆ ಒಂದು ಸೀಸನ್ ರೂಟ್ ಸೆಟ್ಟರ್‌ಗಳ ಜೊತೆ ಏಣಿ ಹಿಡಿದುಕೊಂಡು, ಹೋಲ್ಡ್ ತೊಳೆದುಕೊಂಡು ಕೆಲಸ ಮಾಡಿ. ಗೋಡೆ ಯಾಕೆ ಹಾಗೆ ಯೋಚಿಸುತ್ತದೆ ಎಂದು ಗೊತ್ತಾಗುವುದು ಅಲ್ಲೇ. ಜಡ್ಜ್ ಆಗಿಯೂ ಒಮ್ಮೆ ಕೂತು ನೋಡಿ, ನಿಯಮ ಪುಸ್ತಕ ಆಗ ಬಾಯಿಪಾಠವಾಗುತ್ತದೆ.

ಬಿಲೇ (ಹತ್ತುವವರ ಹಗ್ಗವನ್ನು ಕೆಳಗೆ ನಿಂತು ಹಿಡಿಯುವುದು) ವಿಷಯದಲ್ಲಿ ಮಾತ್ರ ಯಾರಿಗೂ ರಿಯಾಯಿತಿ ಕೊಡಬೇಡಿ. ಎಷ್ಟೇ ವರ್ಷ ಹತ್ತಿದವರಾದರೂ ನಮ್ಮಲ್ಲಿ ಮೊದಲ ದಿನ ಪರೀಕ್ಷೆ: ಹಾರ್ನೆಸ್ ಬಕಲ್, ಎಂಟರ ಗಂಟು, ಲಾಕ್ ಆದ ಕ್ಯಾರಬಿನರ್ (ಲೋಹದ ಕೊಂಡಿ), ಬ್ರೇಕ್ ಕೈ ಹಗ್ಗ ಬಿಡದಿರುವುದು, ಹಗ್ಗದ ಇನ್ನೊಂದು ತುದಿಗೂ ಗಂಟು. ಆಮೇಲೆ ಹೇಳದೆಯೇ ಒಂದು ಬೀಳು, ಹಿಂದೆ ಇನ್ನೊಬ್ಬರು ಹಗ್ಗ ಹಿಡಿದು ನಿಂತಿರುವಾಗ. ಬೆಚ್ಚಿ ಎರಡೂ ಕೈ ಮೇಲೆತ್ತಿದವರು ಇನ್ನೊಂದು ತಿಂಗಳು ಟಾಪ್‌ರೋಪ್‌ನಲ್ಲೇ (ಮೇಲಿನಿಂದ ಇಳಿಬಿಟ್ಟ ಹಗ್ಗದಲ್ಲೇ) ಇರಬೇಕಾಗುತ್ತದೆ.